ಬಸಿದ ಅನ್ನ, ಉಳಿದ ತೆಳಿ

ನಮ್ಮ ಅಡುಗೆಮನೆಯ ಗೋಡೆಯಲ್ಲಿ ಒಂದು ಮರದ ಹಲಗೆ ತೂಗುತ್ತಿದೆ. ನೀವು ಬಂದರೂ ಅದನ್ನು ಗಮನಿಸಲಿಕ್ಕಿಲ್ಲ. ಕುಚ್ಚಲಕ್ಕಿ ಬೆಂದ ಮೇಲೆ ಪಾತ್ರೆಯ ಬಾಯಿಗೆ ಅದನ್ನು ಅಡ್ಡ ಹಿಡಿದು ಬಗ್ಗಿಸಿದರೆ ಅನ್ನ ಒಳಗೇ ಉಳಿದು, ಬೆಂದ ನೀರಾದ ತೆಳಿ ಮಾತ್ರ ಕೆಳಗಿನ ಬೋಗುಣಿಗೆ ಇಳಿಯುತ್ತದೆ. ಕೋಟದ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅದನ್ನು ಹಿಡಿದಿದ್ದೇನೆ. ಅತ್ತೆಯ ಕೈಬೆವರನ್ನೂ ನನ್ನ ಕೈಬೆವರನ್ನೂ ಕುಡಿದು ಅದರ ಹಿಡಿ ಕಪ್ಪಾಗಿದೆ.

ಅತ್ತೆಯ ಅಡುಗೆಯಲ್ಲಿ ಒಂದು ದಿನದ ಕೊನೆ ಮರುದಿನದ ಮೊದಲಾಗಿತ್ತು. ಭಾನುವಾರದ ಮೀನು ಸಾರು, ಸೋಮವಾರ ಯಾರೂ ಮುಟ್ಟದಿದ್ದರೂ ಮಡಕೆಯಲ್ಲಿ ಒಮ್ಮೆ ಕುದಿದು, ಮಂಗಳವಾರಕ್ಕೆ ಬತ್ತಿ, ಭಾನುವಾರಕ್ಕಿಂತ ರುಚಿಯಾಗಿ ಬಟ್ಟಲಿಗೆ ಬರುತ್ತಿತ್ತು. ರಾತ್ರಿ ಉಳಿದ ಅನ್ನಕ್ಕೆ ನೀರು ಹೊಯ್ದಿಟ್ಟರೆ ಬೆಳಿಗ್ಗೆ ತಂಗಳು. ಮಗೆಕಾಯಿಯ ಹೋಳು ಹುಳಿಗೆ, ಸಿಪ್ಪೆ ಚಟ್ನಿಗೆ. ಬಸಳೆಯ ಬಲಿತ ದಂಟು ಮಣ್ಣು ಸೇರಿ ಮತ್ತೆ ಚಪ್ಪರ ಏರುತ್ತಿತ್ತು. "ಚೆಲ್ಲುಕಾಗ ಹೆಣ್ಣೇ, ಬೆಂದ್ ನೀರೊಳ್ಗೇ ಜೀವ ಇಪ್ಪುದ್" ಎನ್ನುತ್ತಿದ್ದರು. ಉಳಿದದ್ದನ್ನು ಉಳಿಸುವುದೇ ಗೃಹಿಣಿಯ ವಿದ್ಯೆಯೆಂದು ನಾನೂ ನಂಬಿದೆ, ಆ ವಿದ್ಯೆಯ ಬಗ್ಗೆ ಸ್ವಲ್ಪ ಜಂಬವನ್ನೂ ಪಟ್ಟೆ.

ಅದನ್ನೆಲ್ಲ ತಲೆಕೆಳಗು ಮಾಡಿದ್ದು ನನ್ನ ಗಂಡನ ಕಿಡ್ನಿ. ಜಿನಸಿ ಅಂಗಡಿಯಲ್ಲಿ ಕುಳಿತು ಜೀವಮಾನವಿಡೀ ಊರಿಗೆ ಅಕ್ಕಿ ಬೇಳೆ ತೂಗಿಕೊಟ್ಟವರಿಗೆ ಈಗ ಅವರ ತುತ್ತನ್ನೇ ತೂಗಿ ಬಡಿಸಬೇಕಾಯಿತು. ಸೋಮವಾರ, ಬುಧವಾರ, ಶುಕ್ರವಾರ ಕುಂದಾಪುರದಲ್ಲಿ ಡಯಾಲಿಸಿಸ್. ವಾರದ ಅಡುಗೆಯೆಲ್ಲ ಅದರ ಸುತ್ತಲೇ. ತರಕಾರಿ ಬೇಯಿಸಿ, ನೀರು ಚೆಲ್ಲಿ, ಸಪ್ಪೆ ಹೋಳು ಮಾತ್ರ ಕೊಡಿ ಎಂದರು ಆಸ್ಪತ್ರೆಯಲ್ಲಿ. ಎಳನೀರು ಬೇಡ, ಬಸಳೆ ಬೇಡ, ಒಣಮೀನು ಬೇಡ. ಕುಡಿಯುವ ನೀರಿಗೇ ಲೋಟದ ಲೆಕ್ಕವಿರುವಾಗ ಗಂಜಿಗೆ ತೆಳಿ ಎಲ್ಲಿಂದ ಬರಬೇಕು? ಅವರಿಗೆ ಬಸಿದ ಅನ್ನ.

ಚೆಲ್ಲಿ ಎಂದರೆ ಚೆಲ್ಲುವುದಕ್ಕೆ ಕೈ ಬರಬೇಕಲ್ಲ. ಬೇಯಿಸಿದ ನೀರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ನಾನೇ ಕುಡಿದೆ, ತೆಳಿಯನ್ನೂ ಕುಡಿದೆ. ಹೀಗೆ ಒಂದೇ ಪಾತ್ರೆಯಿಂದ ಎರಡು ಊಟ ಇಳಿಯತೊಡಗಿದವು, ಅವರಿಗೆ ಹೋಳು, ನನಗೆ ರಸ. ನಾನು ಮೈತುಂಬಿಕೊಂಡೆ, ಅವರ ಅಂಗಿ ಹೆಗಲಿನಿಂದ ಜಾರತೊಡಗಿತು. ಪಕ್ಕದ ಮನೆಯ ಗುಲಾಬಿಯಕ್ಕ ಒಮ್ಮೆ ಬೇಲಿಯಾಚೆಯಿಂದ "ನೀವ್ ಈಗ ಲಾಯ್ಕ್ ಆಯ್ರಿ ಕಾಣಿ" ಎಂದಾಗ ಒಳಗೆ ಬಂದು ಅತ್ತುಬಿಟ್ಟೆ. ಆ ರಸ ಅವರಿಗೆ ವಿಷವೆಂದು ಗೊತ್ತಿದ್ದರೂ, ಗಂಡನ ಪಾಲಿನ ಜೀವವನ್ನು ಲೋಟದಲ್ಲಿ ಕುಡಿಯುತ್ತಿರುವ ಕಳ್ಳಿ ನಾನೆಂದೇ ಅನ್ನಿಸುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ, ವಾರದ ಅಡುಗೆ ಯೋಚಿಸುತ್ತ ಮಗೆಕಾಯಿ ಹೆಚ್ಚುತ್ತಿದ್ದೆ. ಅವರು ಗೋಡೆ ಹಿಡಿದುಕೊಂಡು ಬಂದು ಎದುರಿಗೆ ಕುಳಿತರು.

"ಈ ವಾರದ್ ಅಡ್ಗಿ ನಾ ಹೇಳ್ತೆ. ನಾಳೆ ಗಂಜಿ, ತೆಳಿ ಸಮೇತ. ಮಂಗ್ಳಾರ ಬಸ್ಳಿ ಹುಳಿ. ಬುಧಾರ ಬಂಗ್ಡಿ ಮೀನ್ ಸಾರ್, ಗಂಗೊಳ್ಳಿ ಬಂದ್ರದ್ದೇ ಆಯ್ಕ್."

"ಹ್ವಾಯ್, ಎಂತ ಮಾತ್ ಇದ್? ನಾಳೆ ಆಸ್ಪತ್ರಿಗ್ ಹೋಪುದಲ್ದಾ?"

"ನಾ ಇನ್ ಬತ್ತಿಲ್ಲೆ. ಸಾಕಾಯ್ತ್ ಮಾರಾಯ್ತಿ."

ಕೈಯಲ್ಲಿದ್ದ ಹೋಳನ್ನು ಹೆಚ್ಚಿ ಮುಗಿಸಿ, "ಗುರ್ವಾರಕ್ಕೆಂತ?" ಎಂದೆ.

"ಬುಧಾರದ್ ಸಾರ್ ಉಳಿತ್ತಲ್ದಾ? ನಿಂಗೊಬ್ಳಿಗೆ ಸಾಕ್."

ಬೈದೆ, ಬೇಡಿಕೊಂಡೆ, ಆನೆಗುಡ್ಡೆ ಗಣಪತಿಯ ಮೇಲೆ ಆಣೆ ಹಾಕಿದೆ. ಡಾಕ್ಟರು ಫೋನಿನಲ್ಲಿ ಹೇಳಿದ್ದಕ್ಕೆಲ್ಲ ಅವರು ಹೂಂಗುಟ್ಟಿದರು, ಅಷ್ಟೇ. ಸೋಮವಾರ ಬೆಳಿಗ್ಗೆ ಬಂದ ರಿಕ್ಷಾ ಖಾಲಿಯೇ ತಿರುಗಿ ಹೋಯಿತು. ಹಲಗೆಗೆ ಕೈಚಾಚಿದ ನಾನು ಅದನ್ನು ತೆಗೆಯದೆ ಪಾತ್ರೆಯಿಂದಲೇ ಗಂಜಿ ಬಡಿಸಿದೆ. ಅವರು ಬಟ್ಟಲೆತ್ತಿ ಕೊನೆಯ ಹನಿಯವರೆಗೂ ಕುಡಿದರು, ಉಪ್ಪಿನಕಾಯಿ ನೆಕ್ಕಿದರು. ಬಹಳ ಕಾಲದ ಮೇಲೆ ಅವರು ಉಂಡದ್ದನ್ನು ನೋಡಿದೆ. ನನಗೆ ಸಂತೋಷವಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ ತಿಳಿಯದು, ಆದರೆ ಆಯಿತು. ಮಂಗಳವಾರ ಬಸಳೆ ಎರಡು ತುತ್ತು. ಬುಧವಾರ ಅವರ ಉಸಿರು ಕೆಡತೊಡಗಿತ್ತು. ಸಾರಿನ ಬಟ್ಟಲನ್ನು ಮೂಗಿನ ಹತ್ತಿರ ಹಿಡಿಯಲು ಹೇಳಿ, ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, ಒಳಗಿಡು ಎಂದು ಕಣ್ಸನ್ನೆ ಮಾಡಿದರು. ಗುರುವಾರ ಅವರಿರಲಿಲ್ಲ.

ತೂಕದಲ್ಲಿ ಎಂದೂ ತಪ್ಪದ ಮನುಷ್ಯನ ಲೆಕ್ಕ ತಪ್ಪಿದ್ದು ಒಂದೇ ಕಡೆ. ಸಾವಾದ ಮನೆಯಲ್ಲಿ ಬೇಯಿಸಿಟ್ಟದ್ದನ್ನು ಉಳಿಸಿಕೊಳ್ಳುವ ಪದ್ಧತಿಯಿಲ್ಲ. ತುಂಬಿಟ್ಟ ನೀರನ್ನೂ ಚೆಲ್ಲುತ್ತಾರೆ. ಗುಲಾಬಿಯಕ್ಕ ಬುಧವಾರದ ಸಾರಿನ ಮಡಕೆಯನ್ನು ಹೊರಗೆ ಒಯ್ದು ತೆಂಗಿನ ಬುಡಕ್ಕೆ ಸುರಿಯುವುದನ್ನು ಕಿಟಕಿಯಿಂದ ನೋಡಿದೆ. ಅಷ್ಟೊಂದು ಸಾರು. "ಚೆಲ್ಲುಕಾಗ" ಎನ್ನಲು ಬಾಯಿ ತೆರೆದವಳು ಕಿಟಕಿ ಮುಚ್ಚಿದೆ.

ಹಲಗೆ ಗೋಡೆಯಲ್ಲೇ ಇದೆ, ಹಿಡಿಯ ಕಪ್ಪು ಒಣಗಿ ಬಣ್ಣಗೆಟ್ಟಿದೆ. ಒಬ್ಬಳಿಗೆಂದು ಒಂದು ಹಿಡಿ ಅಕ್ಕಿ ಬೇಯಿಸಿ, ಅನ್ನವನ್ನೂ ತೆಳಿಯನ್ನೂ ಒಂದೇ ಬಟ್ಟಲಿಗೆ ಹಾಕಿಕೊಳ್ಳುತ್ತೇನೆ. ಅವರ ಪಾಲು, ನನ್ನ ಪಾಲು ಎಂದು ಬೇರ್ಪಡಿಸುವ ಕೆಲಸ ಈಗಿಲ್ಲ. ನಾನು ಗಂಜಿ ಬಸಿಯುವುದಿಲ್ಲ.