ಎರಡನೆಯ ಗೀಟು

ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ಬೋಟುಗಳೆಲ್ಲ ದಡಕ್ಕೆ ಮರಳಬೇಕು ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಮೀನಿಗೆ ಹೋದ ನನ್ನ ಗಂಡನ ಬೋಟು ಇನ್ನೂ ಬಂದಿರಲಿಲ್ಲ. ದೇರೆಬೈಲಿನ ನಮ್ಮ ಮನೆಯಲ್ಲಿ ಎಲೆಯೂ ಅಲುಗದ ಸೆಕೆ. ಭರಣಿಯ ಉಪ್ಪು ನೀರೊಡೆದಿತ್ತು.

ಬೆಳಗಿನಿಂದ ಅವರ ಫೋನಿಗೆ ಮೆಸೇಜು ಕಳಿಸುತ್ತಲೇ ಇದ್ದೆ. ಎಲ್ಲದರ ಪಕ್ಕದಲ್ಲೂ ಒಂದೇ ಟಿಕ್. ಬೋಟು ದಡದ ಹತ್ತಿರ ಬಂದು ನೆಟ್‌ವರ್ಕ್ ಸಿಕ್ಕಿದರೆ ಮಾತ್ರ ಎರಡನೆಯದು ಬೀಳುತ್ತದೆ. ಓದು ಬಾರದ ಅತ್ತೆಗೂ ಇದು ಗೊತ್ತು.

“ಗೀಟು ಎಷ್ಟು ಉಂಟು?”

“ಒಂದೇ, ಅತ್ತೆ.”

ಮಧ್ಯಾಹ್ನ ಪಡುವಣ ಆಕಾಶ ಬಂಗುಡೆ ಮೀನಿನ ಬೆನ್ನಿನ ಬಣ್ಣಕ್ಕೆ ತಿರುಗಿತು. ಒಮ್ಮೆಲೇ ಬೀಸಿದ ಗಾಳಿ, ಹಗ್ಗದಲ್ಲಿದ್ದ ಅವರ ಅಂಗಿಯ ತೋಳುಗಳನ್ನು ಮೇಲೆತ್ತಿತು. ನನಗರಿವಿಲ್ಲದೆ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಇಂಗ್ಲಿಷ್ ಪ್ರಾರ್ಥನೆ ಬಾಯಿಗೆ ಬಂತು. ಅತ್ತೆ ತಿರುಗಿ ನೋಡಿದಾಗ ನಾಚಿ ನಿಲ್ಲಿಸಿದೆ.

“ನಿಲ್ಲಿಸುವುದು ಎಂತಕ್ಕೆ? ಹೇಳು. ಇವತ್ತು ಯಾವ ದೇವರಾದರೂ ಆಗ್ತದೆ.”

ಮಳೆ ಹೊಡೆಯತೊಡಗಿತು, ಕರೆಂಟು ಹೋಯಿತು. ಕತ್ತಲಾದ ಅಡುಗೆಮನೆಯಲ್ಲಿ ಇಬ್ಬರೂ ಫೋನಿನ ಬೆಳಕಿಗೆ ಬಗ್ಗಿ ಕುಳಿತೆವು. ಎಷ್ಟೋ ಹೊತ್ತಿನ ಮೇಲೆ ಮೊದಲ ಮೆಸೇಜಿನ ಪಕ್ಕ ಎರಡನೆಯ ಗೀಟು ಮೂಡಿತು. ಅದರ ಕೆಳಗಿನದಕ್ಕೂ, ಅದರ ಕೆಳಗಿನದಕ್ಕೂ.

ಉತ್ತರವೂ ಬಂತು. ಗಟ್ಟಿಯಾಗಿ ಓದಿದೆ: “ಇಷ್ಟೊಂದು ಕಳಿಸಿದ್ದು ಎಂತಕ್ಕೆ ಮಾರಾಯ್ತಿ? ಚಾರ್ಜ್ ಇಲ್ಲ. ಅಳಿವೆ ದಾಟಿ ಹೊಳೆಯ ಒಳಗೆ ಬಂದೆವು, ಎಲ್ಲರೂ.”

“ಬೈದನಾ?” ಎಂದರು ಅತ್ತೆ.

“ಬೈದರು.”

“ಹಾಗಾದರೆ ಅವನೇ,” ಎಂದು ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು.