ಚಿತ್ತಯ್ಯನವರು ಒಪ್ಪಿಕೊಂಡ ತಪ್ಪು

ಜೆಟ್ ಇಂಧನದ ಬದಲು ಜಲಜನಕದಿಂದ ವಿಮಾನ ಹಾರಿಸುವ ಸಾಹಸಕ್ಕೆ ಕೈಹಾಕಿದ ವಿಜ್ಞಾನಿಗಳ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಅವರು ಸುಟ್ಟುಹೋಗದಂತೆ ಕಾವಲು ಕಾದವರ ಹೆಸರು ಬರುವುದಿಲ್ಲ. ಹಿರಿಯೂರಿನಾಚೆ ಜವನಗೊಂಡನಹಳ್ಳಿಯ ಬಳಿಯ ನಮ್ಮ ಎಂಜಿನ್ ಪರೀಕ್ಷಾ ಕೇಂದ್ರದಲ್ಲಿ ಅಂಥ ಕಾವಲು ಕಾದು, ಈ ತಿಂಗಳು ನಿವೃತ್ತರಾಗುತ್ತಿರುವ ಶ್ರೀ ಚಿತ್ತಯ್ಯನವರನ್ನು ಕುರಿತು ಈ ಅಭಿನಂದನಾ ಗ್ರಂಥಕ್ಕೆ ಬರೆಯಲು ನಾನು ಒಪ್ಪಿದ್ದು ಅಭಿಮಾನದಿಂದಷ್ಟೇ ಅಲ್ಲ. ಏಳು ವರ್ಷಗಳಿಂದ ಅವರ ಹೆಸರಿಗೆ ಅಂಟಿಕೊಂಡಿರುವ ಒಂದು ಆರೋಪ ಸುಳ್ಳು. ಅದನ್ನು ಈಗಲೂ ಹೇಳದಿದ್ದರೆ ನಾನು ಮನುಷ್ಯಳೆನಿಸಿಕೊಳ್ಳಲಾರೆ.

ಹೊಸದುರ್ಗ ತಾಲ್ಲೂಕಿನ ಕುರಿಗಾಹಿ ಮನೆತನದಲ್ಲಿ ಹುಟ್ಟಿ, ಐಟಿಐ ಓದಿ, ವಿಮಾನ ನಿಲ್ದಾಣವೊಂದರ ಇಂಧನ ಡಿಪೋದಲ್ಲಿ ಇಪ್ಪತ್ತು ವರ್ಷ ದುಡಿದು, ಅವರು ನಮ್ಮಲ್ಲಿಗೆ ಸುರಕ್ಷತಾ ಮೇಲ್ವಿಚಾರಕರಾಗಿ ಬಂದರು. ಜಲಜನಕ ಉರಿದರೆ ಹೊಗೆಯಿಲ್ಲ, ಉಳಿಯುವುದು ನೀರಾವಿ ಎಂದು ನಾವು ಹಿಗ್ಗುತ್ತಿದ್ದರೆ, ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದಿಲ್ಲವೆಂಬುದನ್ನು ಅವರು ಒಂದು ದಿನವೂ ಮರೆಯಗೊಡಲಿಲ್ಲ. "ಜೆಟ್ ಎಣ್ಣೆ ಸೋರಿದ್ರೆ ಮೂಗಿಗೆ ಗೊತ್ತಾಗ್ತೈತೆ. ಇದು ಮೈಗೆ ಹತ್ತಿದ್ ಮ್ಯಾಲೇ ಗೊತ್ತಾಗೋದು" ಎನ್ನುತ್ತಿದ್ದರು. ಗೋಡೆಯ ಮೇಲೆ ಜ್ವಾಲೆ ಗುರುತಿಸಿ ಸೈರನ್ ಕೂಗಿಸುವ ಯಂತ್ರವಿದ್ದರೂ, ಕೊಳವೆಗಳ ಬಳಿ ಹೋಗುವವರು ಹಂಚಿಕಡ್ಡಿ ಪೊರಕೆಯನ್ನು ಮುಂದೆ ಚಾಚಿಕೊಂಡೇ ನಡೆಯಬೇಕಿತ್ತು. ಕಡ್ಡಿ ಹೊತ್ತಿಕೊಂಡರೆ ಎದುರಿಗೆ ಬೆಂಕಿಯಿದೆ ಎಂದರ್ಥ. ಎಂಟೆಕ್ ಮುಗಿಸಿ ಭೀಮಸಮುದ್ರದಿಂದ ಬಂದ ನನ್ನ ಕೈಗೆ ಮೊದಲ ದಿನವೇ ಪೊರಕೆ ಕೊಟ್ಟಾಗ ನನಗೆ ಸಿಟ್ಟು ಬಂದಿತ್ತು. ಅದೇ ತಿಂಗಳು ನಾನು ಜ್ವರದಿಂದ ಮಲಗಿದಾಗ ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿ, ನಮ್ಮ ಮನೆಯವರು ಬರುವವರೆಗೂ ಬೆಂಚಿನ ಮೇಲೆ ಕಾದು ಕುಳಿತವರೂ ಅವರೇ.

ಆ ವರ್ಷದ ಆಯುಧಪೂಜೆಗೆ ಸಲಕರಣೆಗಳನ್ನೆಲ್ಲ ತೊಳೆದು, ಪೊರಕೆಗಳನ್ನೂ ಸಾಲಾಗಿ ಇಟ್ಟು ಪೂಜಿಸಿದೆವು. ಯಂತ್ರಗಳಿಗೆ ವಿಭೂತಿ, ಕುಂಕುಮ ಹಚ್ಚುವ ಕೆಲಸ ನನ್ನದು. ಜ್ವಾಲೆ ಗುರುತಿಸುವ ಯಂತ್ರದ ಗಾಜಿನ ತುಂಬ ನಾನು ಭಕ್ತಿಯಿಂದ ಮೂರು ಬೆರಳಿನ ವಿಭೂತಿ ಎಳೆದೆ. ಆ ಯಂತ್ರ ನೋಡುವುದೇ ಆ ಗಾಜಿನ ಮೂಲಕ ಎಂಬುದು ನನಗೆ ಹೊಳೆಯಲಿಲ್ಲ. ಮಧ್ಯಾಹ್ನ, ಬಂದ ಅತಿಥಿಗಳಿಗೆ ತೋರಿಸಲೆಂದು ಎಂಜಿನ್ ಚಾಲೂ ಮಾಡಲು ಮೇಲಿನವರು ಹೇಳಿದರು. ಕೊಳವೆಯ ಜೋಡಣೆಯೊಂದರಲ್ಲಿ ಅನಿಲ ಸೋರಿ ಹೊತ್ತಿಕೊಂಡಿತು, ಸೈರನ್ ಕೂಗಲಿಲ್ಲ. ಪೂಜೆಗಿಟ್ಟ ಪೊರಕೆಯನ್ನು ಕದಲಿಸಬಾರದೆಂದು ರಂಗೇಶ್ ಎಂಬ ನಮ್ಮ ತಂತ್ರಜ್ಞರು ಬರಿಗೈಯಲ್ಲಿ ಕೊಳವೆಗಳ ಬಳಿಗೆ ಹೋದರು. ಕಾಣದ ಬೆಂಕಿಗೆ ಸಿಕ್ಕಿ ಮೈ ಸುಟ್ಟು, ಮೂರನೆಯ ದಿನ ತೀರಿಕೊಂಡರು. ಅವರಿಗಿನ್ನೂ ಮೂವತ್ತೊಂದು ವರ್ಷ.

ವಿಭೂತಿ ಹಚ್ಚಿದ್ದು ತಾವೇ ಎಂದು ಚಿತ್ತಯ್ಯನವರು ವಿಚಾರಣೆಯಲ್ಲಿ ಬರೆದುಕೊಟ್ಟರು. ಅದಕ್ಕೆ ಮೊದಲು ಬಾಗಿಲಾಚೆ ನನ್ನನ್ನು ತಡೆದು, "ಸುಮ್ನಿರಮ್ಮ ಸಹನಾ. ಚಾಲೂ ಮಾಡಾಕ್ ಮುಂಚೆ ನೋಡ್ಬೇಕಾದೋನು ನಾನು, ನೋಡ್ಲಿಲ್ಲ. ಇಬ್ರೂ ಯಾಕ್ ಹಾಳಾಗ್ಬೇಕು?" ಎಂದಿದ್ದರು. ನಾನು ಸುಮ್ಮನಿದ್ದೆ. ಅದು ಹೇಡಿತನ, ಬೇರೇನೂ ಅಲ್ಲ. ಅವರನ್ನು ಉಗ್ರಾಣಕ್ಕೆ ಹಾಕಿದರು. ನನಗೆ ಎರಡು ಬಡ್ತಿ ಸಿಕ್ಕಿತು. ಪ್ರತಿವರ್ಷ ಹಬ್ಬದ ಮಾರನೆಯ ದಿನ ಅವರು ರಂಗೇಶರ ತಾಯಿ ಜುಂಜಮ್ಮನವರನ್ನು ಕಾಣಲು ಮಾಡದಕೆರೆಗೆ ಹೋಗಿಬರುತ್ತಿದ್ದುದು ನನಗೆ ಗೊತ್ತಿತ್ತು. ಒಮ್ಮೆಯೂ ನಾನು ಜೊತೆಗೆ ಹೋಗಲಿಲ್ಲ.

ಈ ಲೇಖನ ಬರೆಯಲು ಕೂರುವ ಮೊದಲು, ಕಳೆದ ಭಾನುವಾರ, ಹೋದೆ. ನಡೆದದ್ದನ್ನೆಲ್ಲ ಹೇಳಿದೆ. ಜುಂಜಮ್ಮ ನನ್ನನ್ನು ಬೈಯಲಿಲ್ಲ. "ವರ್ಷಾ ವರ್ಷಾ ಬಂದು ಬಾಗ್ಲಾಗ್ ನಿಂತ್ಕಂತಿದ್ದ ಆ ಯಪ್ಪ. ಕುಂತ್ಕಳ್ರಿ ಅಂತ ಒಂದ್ ಸಲನೂ ಅನ್ಲಿಲ್ಲ ನಾನು" ಎಂದರು.

ಕೇಂದ್ರದ ನಿರ್ದೇಶಕರಿಗೆ ನಿಜವನ್ನು ಬರೆದುಕೊಟ್ಟಿದ್ದೇನೆ; ಈ ಗ್ರಂಥ ಓದುಗರ ಕೈಸೇರುವ ಹೊತ್ತಿಗೆ ನಾನು ಇಲ್ಲಿ ಕೆಲಸದಲ್ಲಿ ಇರಲಿಕ್ಕಿಲ್ಲ. ಚಿತ್ತಯ್ಯನವರು ನೂರು ಕಾಲ ಆರೋಗ್ಯದಿಂದ ಬಾಳಲಿ, ಜಲಜನಕದ ವಿಮಾನ ಹಾರುವುದನ್ನು ಕಣ್ಣಾರೆ ಕಾಣಲಿ, ಹೊಸಬರಿಗೆ ಈ ಬೆಂಕಿಯ ಭಯವನ್ನು ಕಲಿಸುತ್ತಿರಲಿ ಎಂದು ಹಾರೈಸುತ್ತೇನೆ. ಕ್ಷಮೆಯನ್ನು ಮಾತ್ರ ಕೇಳಲಾರೆ. ಅವರು ಅದನ್ನು ಏಳು ವರ್ಷದ ಹಿಂದೆಯೇ ಕೊಟ್ಟುಬಿಟ್ಟರು, ನಾನು ತೆಗೆದುಕೊಂಡೂಬಿಟ್ಟೆ.