ಬೀಗರ ಕಾರಿನ ಹಿಂದೆ

ಮುಂದಿನ ಕಾರಿಗೂ ನಿಮ್ಮ ಕಾರಿಗೂ ನಡುವೆ ಎಷ್ಟು ಜಾಗ ಇರಬೇಕು? ಡ್ರೈವರನನ್ನು ಕೇಳಿದರೆ ಸ್ಪೀಡು, ಬ್ರೇಕು ಅಂತಾನೆ. ನಮ್ಮಪ್ಪನನ್ನು ಕೇಳಿ ನೋಡಿ. ಮುಂದಿನ ಗಾಡಿಯಲ್ಲಿ ಕೂತವರು ಯಾರು ಅಂತ ಮೊದಲು ವಿಚಾರಿಸುತ್ತಾರೆ!

ಕಳೆದ ಸೋಮವಾರ ಮುಂಜಾನೆ ಬೀಳಗಿಯ ನಮ್ಮ ಮನೆಯಲ್ಲಿ ತಂಗಿ ಗಂಗಾಗೆ ಹೆರಿಗೆ ಬೇನೆ ಶುರುವಾಯಿತು. ಕೂಸು ಅಡ್ಡ ತಿರುಗಿದೆ, ತಡ ಮಾಡದೆ ಜಮಖಂಡಿ ದವಾಖಾನೆಗೆ ಒಯ್ಯಿರಿ ಅಂದಳು ಸೂಲಗಿತ್ತಿ. ಸೊಸೆಯನ್ನು ನೋಡಲು ಬಂದಿದ್ದ ಬೀಗರ ಕಾರು ಬಾಗಿಲಲ್ಲೇ ಇತ್ತು. ಅದರಲ್ಲೇ ಕೂರಿಸಬಹುದಿತ್ತಲ್ಲ? ಛೇ, ಚೊಚ್ಚಲ ಹೆರಿಗೆ ತವರಿನದು! ಅಪ್ಪ ಬಾಡಿಗೆ ಟ್ಯಾಕ್ಸಿ ತರಿಸಿದರು. "ನಾವು ಮುಂದ ನಡೀತೇವ್ರಿ, ನೀವು ಬೆನ್ನ ಹಿಂದ ಬರ್ರಿ" ಅಂದರು ಬೀಗರು.

ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂತು. ರಸ್ತೆಯ ಧೂಳು ಮಾತ್ರ ಹೋಗಿಲ್ಲ. ಬೀಗರ ಕಾರಿನ ಧೂಳಿಗೆ ಗಂಗಾ ಕೆಮ್ಮಿದಳು. ನಮ್ಮ ಡ್ರೈವರ್ ದಸ್ತಗೀರ ಸ್ಪೀಡು ಇಳಿಸಿದ. ನಾವು ಕಾಣುತ್ತಿಲ್ಲವೆಂದು ಬೀಗರೂ ಇಳಿಸಿದರು. ಹತ್ತಿರವಾದೆವು, ಮತ್ತೆ ಧೂಳು, ಮತ್ತೆ ಇಳಿಸಿದ. ಅವರೂ! ಸೈಕಲ್ಲಿನವನೊಬ್ಬ ಬೆಲ್ ಹೊಡೆದು ನಮ್ಮಿಬ್ಬರನ್ನೂ ದಾಟಿ ಹೋದ (ಸುಳ್ಳಲ್ಲ). ಹಿಂದಿನ ಸೀಟಿನಲ್ಲಿ ಅವ್ವನ ಪಕ್ಕ ತಂಗಿಯ ನರಳಾಟ. ನನಗೆ ಕೂತಲ್ಲಿ ಕೂರಲಾಗಲಿಲ್ಲ.

"ಸೈಡ್ ಹೊಡದು ದಾಟಸ್ಲೇನ್ರಿ?" ಎಂದ ದಸ್ತಗೀರ.

"ಬೀಗರ ಗಾಡಿ ದಾಟ್ತೀಯೇನ್ಲೇ? ನಾಳಿ ಅವರಿಗೆ ಮಾರಿ ಹೆಂಗ ತೋರಸ್ಲಿ?" ಅಪ್ಪ ಗದರಿದರು.

ಅಷ್ಟರಲ್ಲಿ ಬೀಗರ ಕಾರು ನಿಂತೇ ಬಿಟ್ಟಿತು. ಅವರು ಇಳಿದರು. ಅಪ್ಪನೂ ಇಳಿದರು.

"ನಿಮ್ಮ ಸಲುವಾಗೇ ಸಾವಕಾಶ ಹೊಂಟೇವ್ರಿ. ನೀವ ಮುಂದ ಹೋಗ್ರಿ" ಅಂದರು ಬೀಗರು.

"ಎಲ್ಲೆರ ಉಂಟೇನ್ರಿ! ನೀವ ಮುಂದ" ಅಂದರು ಅಪ್ಪ.

ನಡುರಸ್ತೆಯಲ್ಲಿ ಉಪಚಾರ! ಅವ್ವನ ಕೈ ಹಿಡಿದು ಒದ್ದಾಡುತ್ತಿದ್ದ ಗಂಗಾ, ಮಾವನೆದುರು ಎಂದೂ ದನಿ ಎತ್ತದವಳು, ಚೀರಿದಳು: "ದಸ್ತಗೀರಣ್ಣಾ, ಗಾಡಿ ಹೊಡಿ! ಅವರು ಹಿಂದಿಂದ ಬರ್ಲಿ!"

ಹೊಡೆದೇ ಬಿಟ್ಟ ಪುಣ್ಯಾತ್ಮ. ಇಬ್ಬರು ಹಿರಿಯರೂ ರಸ್ತೆಯಲ್ಲೇ ಉಳಿದರು.

ಡಾಕ್ಟರ್‌ಬಾಯಿ ತಾಯಿಯನ್ನೂ ಕೂಸನ್ನೂ ಉಳಿಸಿಕೊಟ್ಟರು. ಇನ್ನಷ್ಟು ತಡವಾಗಿದ್ದರೆ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಅಂದರು. ಆಮೇಲೆ ಬಂದರು ಅಜ್ಜಂದಿರಿಬ್ಬರು, ನಮ್ಮ ಧೂಳು ತಿಂದು, ಮೈಯೆಲ್ಲ ಕೆಂಪಾಗಿ. ವಾರ್ಡಿನ ಬಾಗಿಲಲ್ಲಿ ನಿಂತು ಮತ್ತೆ ಶುರು: "ನೀವ ಮೊದಲ ಹೋಗ್ರಿ." "ಛೇ ಛೇ, ನೀವ!"

ಒಂದು ಹೆಣ್ಣಿನ ಜೀವ ಇವರ ಮರ್ಯಾದೆ ಮುಗಿಯುವ ತನಕ ಕಾಯಬೇಕೇನ್ರಿ?